ದಣಿದವನ ಒಪ್ಪಿಗೆ

ವಿಮಾನದಲ್ಲಿ ಕೊನೆಯ ಮಾತು ಕ್ಯಾಪ್ಟನ್‌ನದು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಅದನ್ನು ಪ್ರಶ್ನಿಸಿದರೆ ಪೈಲಟ್‌ಗಳಿಗೇ ಅಗೌರವ ತೋರಿದಂತಾಗುತ್ತದೆ. ಡ್ಯೂಟಿಯ ಅವಧಿ ಮುಗಿಯುತ್ತ ಬಂದಿದೆ, ಇನ್ನೊಂದು ಹಾರಾಟ ಬಾಕಿಯಿದೆ, ಮಂಜಿನಿಂದಲೋ ಮಳೆಯಿಂದಲೋ ಎಲ್ಲವೂ ತಡವಾಗಿದೆ. ಆ ಹೊತ್ತಿನಲ್ಲಿ ಅವಧಿಯನ್ನು ವಿಸ್ತರಿಸಿಕೊಂಡು ಹೊರಡಬೇಕೋ ಬೇಡವೋ ಎಂದು ತೀರ್ಮಾನಿಸುವವನು ಕ್ಯಾಪ್ಟನ್. ಅವನು ಹೂಂ ಎಂದರೆ ವಿಮಾನ ಏಳುತ್ತದೆ, ಒಲ್ಲೆ ಎಂದರೆ ಇಲ್ಲ. ಈ ವಿವೇಚನಾಧಿಕಾರವೇ ಪ್ರಯಾಣಿಕನಿಗೆ ಕೊನೆಯ ರಕ್ಷೆ ಎಂದು ವಿಮಾನಯಾನದ ಬಗ್ಗೆ ಬರೆಯುವವರೆಲ್ಲ ಹೇಳುತ್ತ ಬಂದಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಈ ಅಧಿಕಾರ ಇರಬೇಕು, ನಿಜ. ಆದರೆ ಅದನ್ನೇ ರಕ್ಷೆಯೆಂದು ನಂಬಿ ಕೂತಿದ್ದರಿಂದ ನಾವು ನೋಡಬೇಕಾದ ಕಡೆ ನೋಡಿಲ್ಲ.

ನನ್ನ ಊರು ಚಿತ್ರದುರ್ಗಕ್ಕೆ ವಿಮಾನ ನಿಲ್ದಾಣವಿಲ್ಲ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನವರು ವಿಮಾನ ಹತ್ತಬೇಕೆಂದರೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಬೇಕು, 2023ರಿಂದೀಚೆಗೆ ಶಿವಮೊಗ್ಗವೂ ಇದೆ. ಹೀಗಿದ್ದೂ ವಿಮಾನ ಅಪಘಾತಗಳ ತನಿಖಾ ವರದಿಗಳನ್ನು ನಾನು ಕಾದಂಬರಿ ಓದುವಷ್ಟೇ ಶ್ರದ್ಧೆಯಿಂದ ಓದುತ್ತ ಬಂದಿದ್ದೇನೆ. ಸತ್ತವರ ಬಗ್ಗೆ ಇಷ್ಟು ಸಂಯಮದಿಂದ, ಇಷ್ಟು ನಿಖರವಾಗಿ, ಯಾರನ್ನೂ ಮೆಚ್ಚಿಸುವ ಹಂಗಿಲ್ಲದೆ ಬರೆಯುವ ಇನ್ನೊಂದು ಗದ್ಯಪ್ರಕಾರ ನನಗೆ ಗೊತ್ತಿಲ್ಲ. ಆ ಪ್ರೀತಿಯಿಂದಲೇ ಈ ಜಗಳ.

2025ರ ಡಿಸೆಂಬರ್ ಮೊದಲ ವಾರ ಇಂಡಿಗೊ ಸಂಸ್ಥೆಯ ಹಾರಾಟಗಳು ಸಾಲುಸಾಲಾಗಿ ರದ್ದಾದದ್ದು ಎಲ್ಲರಿಗೂ ನೆನಪಿದೆ. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳು ನಿಂತವು. ವಿಮಾನಯಾನ ನಿಯಂತ್ರಕ ಡಿಜಿಸಿಎ ತಂದ ಹೊಸ ನಿಯಮಗಳ ಪ್ರಕಾರ ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತ್ತು. ರಾತ್ರಿಯೆಂದರೆ ಹನ್ನೆರಡರಿಂದ ಬೆಳಗಿನ 5ರವರೆಗೆ ಎಂದಿದ್ದದ್ದು 6ರವರೆಗೆ ಎಂದಾಯಿತು. ರಾತ್ರಿಯ ಲ್ಯಾಂಡಿಂಗ್‌ಗಳ ಮಿತಿ 6ರಿಂದ 2ಕ್ಕೆ ಇಳಿಯಿತು. ಆಗ ಎರಡು ಬಗೆಯ ಮಾತು ಕೇಳಿಬಂತು. ಪೈಲಟ್‌ಗಳು ಒಂದಿಷ್ಟು ಹೊಂದಿಕೊಂಡಿದ್ದರೆ ಜನ ನಿಲ್ದಾಣದ ನೆಲದ ಮೇಲೆ ಮಲಗಬೇಕಿರಲಿಲ್ಲ ಎಂದರು ಕೆಲವರು. ಪೈಲಟ್‌ಗಳು ಜಗ್ಗದೆ ನಿಂತು ನಮ್ಮ ಜೀವ ಕಾಪಾಡಿದರು ಎಂದರು ಇನ್ನು ಕೆಲವರು. ಮೇಲ್ನೋಟಕ್ಕೆ ಎದುರುಬದುರಾಗಿ ಕಾಣುವ ಈ ಎರಡೂ ಮಾತಿನ ಅಡಿಪಾಯ ಒಂದೇ. ಹೆಚ್ಚು ಹೊತ್ತು ದುಡಿಯುವುದು ಬಿಡುವುದು ಪೈಲಟ್‌ನ ಮನಸ್ಸಿಗೆ, ಅವನ ಸಜ್ಜನಿಕೆಗೆ, ಅವನ ಧೈರ್ಯಕ್ಕೆ ಬಿಟ್ಟದ್ದು ಎಂದು ಎರಡೂ ಬಣದವರು ನಂಬಿದ್ದಾರೆ. ಆ ನಿಯಮಗಳು ಪ್ರಕಟವಾದದ್ದು 2024ರ ಜನವರಿಯಲ್ಲಿ. ದೆಹಲಿ ಹೈಕೋರ್ಟಿನವರೆಗೂ ಹೋಗಿ, ಎರಡು ಹಂತಗಳಲ್ಲಿ, 2025ರ ಜುಲೈ 1 ಮತ್ತು ನವೆಂಬರ್ 1ರಿಂದ ಜಾರಿಗೆ ಬಂದವು. ಪೈಲಟ್‌ಗಳ ಸಂಖ್ಯೆ ಎಷ್ಟಿರಬೇಕು, ಚಳಿಗಾಲದ ವೇಳಾಪಟ್ಟಿಯಲ್ಲಿ ಎಷ್ಟು ಹಾರಾಟ ಹಾಕಬೇಕು ಎಂಬ ತೀರ್ಮಾನಗಳು ಈ ಸುಮಾರು ಎರಡು ವರ್ಷಗಳಲ್ಲಿ ಕಚೇರಿಯ ಮೇಜಿನ ಮೇಲೆ ಆದಂಥವು. ಅವನ್ನು ಕೈಗೊಂಡವರು ನಿದ್ದೆಗೆಟ್ಟಿರಲಿಲ್ಲ. ಆ ತೀರ್ಮಾನಗಳ ಬಾಕಿ ಮಾತ್ರ ಡಿಸೆಂಬರಿನಲ್ಲಿ ನಿಲ್ದಾಣದಲ್ಲಿ ನಿಂತ ಪೈಲಟ್‌ನ ಮುಖದ ಮೇಲೆ ಬಂತು. ಕಡೆಗೆ ರಾತ್ರಿ ಡ್ಯೂಟಿಯ ಅಂಶಗಳಿಂದ ಆ ಸಂಸ್ಥೆಗೆ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಸಿಕ್ಕಿತು.

ವಿಸ್ತರಣೆಯ ಪ್ರಶ್ನೆ ಪೈಲಟ್‌ನ ಮುಂದೆ ಬರುವ ಬಗೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಡ್ಯೂಟಿಯ ಲೆಕ್ಕ ಶುರುವಾಗುವುದು ವಿಮಾನ ಎದ್ದಾಗಿನಿಂದ ಅಲ್ಲ, ಪೈಲಟ್ ನಿಲ್ದಾಣಕ್ಕೆ ಬಂದು ಹಾಜರಿ ಹಾಕಿದ ಹೊತ್ತಿನಿಂದ. ಮುಗಿಯುವುದು ಕೊನೆಯ ಹಾರಾಟದ ವಿಮಾನ ಬಂದು ನಿಂತಾಗ. ನಡುವೆ ಮಂಜಿಗೆ ಕಾದದ್ದು, ರಿಪೇರಿಗೆ ಕಾದದ್ದು, ತಡವಾಗಿ ಬಂದ ಬೇರೊಂದು ವಿಮಾನಕ್ಕೆ ಕಾದದ್ದು ಎಲ್ಲ ಅದರೊಳಗೇ. ಹಾಗಾಗಿ ಕೊನೆಯ ಹಾರಾಟದ ಹೊತ್ತಿಗೆ ಮಿತಿ ಇನ್ನೇನು ಮುಟ್ಟಿತು ಅನ್ನುವಂತಾಗಿರುತ್ತದೆ. ಪ್ರಯಾಣಿಕರು ಸೀಟು ಹಿಡಿದು ಕೂತಿದ್ದಾರೆ. ಹಿಂದೆ ಮಗುವೊಂದು ಅಳುತ್ತಿದೆ. ಗಗನಸಖಿ ಬಂದು ಎಷ್ಟು ಹೊತ್ತಾಗುತ್ತದೆಂದು ಕೇಳುತ್ತಿದ್ದಾಳೆ. ಆಗ ರೋಸ್ಟರ್ ವಿಭಾಗದಿಂದ ಫೋನ್ ಬರುತ್ತದೆ. ಅಲ್ಲಿಯ ಧ್ವನಿ ಒರಟಾಗಿರುವುದಿಲ್ಲ, ಬಹಳ ವಿನಯವಾಗಿಯೇ ಕೇಳುತ್ತದೆ: ಕ್ಯಾಪ್ಟನ್, ಒಂದು ಗಂಟೆ ವಿಸ್ತರಿಸಿಕೊಳ್ಳಲು ಆಗುತ್ತದೆಯೆ? ನಿಯಮದ ಪ್ರಕಾರ ಅವನು ತನ್ನ ಸಿಬ್ಬಂದಿಯ ಸ್ಥಿತಿಯನ್ನೂ ವಿಚಾರಿಸಬೇಕು. ಅವನು ಪಕ್ಕಕ್ಕೆ ತಿರುಗಿ ಕೋ-ಪೈಲಟ್‌ನನ್ನು ಕೇಳುತ್ತಾನೆ. ಕೋ-ಪೈಲಟ್‌ಗೆ ಇಪ್ಪತ್ತೈದರ ಆಸುಪಾಸು, ತರಬೇತಿಗೆ ಮಾಡಿದ ಸಾಲ ತಲೆಯ ಮೇಲಿದೆ, ಮುಂದೊಂದು ದಿನ ತನ್ನ ಬಡ್ತಿಯ ಬಗ್ಗೆ ಇದೇ ಹಿರಿಯರು ಅಭಿಪ್ರಾಯ ಬರೆಯುವವರು. ‘ಐ ಯಾಮ್ ಓಕೆ, ಸರ್’ ಎಂಬ ಉತ್ತರವಲ್ಲದೆ ಬೇರೆ ಉತ್ತರ ಅಲ್ಲಿ ಬರುವುದು ಅಪರೂಪ.

ಇದನ್ನು ನಾವು ಒಪ್ಪಿಗೆ ಎನ್ನುತ್ತೇವೆ. ಇದರಲ್ಲಿ ಮೊದಲ ದೋಷ ದೇಹಶಾಸ್ತ್ರದ್ದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ಕ್ಷೇತ್ರದಲ್ಲಿ ಪದೇಪದೇ ಪ್ರಸ್ತಾಪವಾಗುತ್ತದೆ. ಎರಡು ವಾರಗಳ ಕಾಲ ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಕಡಿಮೆ ನಿದ್ದೆ ಮಾಡಿದವರ ಗಮನಶಕ್ತಿ ದಿನದಿಂದ ದಿನಕ್ಕೆ ಕುಸಿಯುತ್ತ, ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಇಳಿಯಿತು. ಆದರೆ ನಿಮಗೆ ಎಷ್ಟು ನಿದ್ದೆ ಬರುತ್ತಿದೆ ಎಂದು ಅವರನ್ನೇ ಕೇಳಿದಾಗ, ಮೊದಲ ಕೆಲವು ದಿನಗಳ ನಂತರ ಅವರ ಉತ್ತರ ಹೆಚ್ಚುಕಡಿಮೆ ಬದಲಾಗಲೇ ಇಲ್ಲ. ಕೆಲಸ ಕೆಡುತ್ತ ಹೋಯಿತು, ಕೆಡುತ್ತಿದೆ ಎಂಬ ಅರಿವು ಮಾತ್ರ ಅಲ್ಲೇ ನಿಂತುಬಿಟ್ಟಿತು. ದಣಿವು ಮೊದಲು ಕಸಿದುಕೊಳ್ಳುವುದು ದಣಿವನ್ನು ಅಳೆಯುವ ಶಕ್ತಿಯನ್ನೇ. ನೀನು ಹಾರಬಲ್ಲೆಯಾ ಎಂಬ ಪ್ರಶ್ನೆಯನ್ನು ನಾವು ಕೇಳುತ್ತಿರುವುದು ಆ ಕ್ಷಣದಲ್ಲಿ ಅದಕ್ಕೆ ಉತ್ತರಿಸಲು ಎಲ್ಲರಿಗಿಂತ ಕಡಿಮೆ ಅರ್ಹನಾದವನನ್ನು. ಇದು ಅವನ ಚಾರಿತ್ರ್ಯದ ಮಾತೇ ಅಲ್ಲ. ಕುಡಿದವನನ್ನು ನಿನಗೆ ಅಮಲೇರಿದೆಯಾ ಎಂದು ಕೇಳಿ, ಅವನ ಉತ್ತರದ ಮೇಲೆ ಕೀಲಿಕೈ ಕೊಡುವ ಪದ್ಧತಿ ಯಾವ ಡಿಪೋದಲ್ಲೂ ಇಲ್ಲ, ಬಾಯಿಗೆ ಯಂತ್ರ ಹಿಡಿದು ನೋಡುತ್ತಾರೆ. ನಿದ್ದೆಯ ವಿಷಯದಲ್ಲಿ ಮಾತ್ರ ಪೈಲಟ್‌ನ ಮಾತೇ ಪ್ರಮಾಣ.

ಇಲ್ಲಿ ಮಂಗಳೂರಿನ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಹೇಳಬೇಕು. ನಮ್ಮ ರಾಜ್ಯದ ನೆಲದಲ್ಲಿ ನಡೆದ ಆ ದುರಂತವನ್ನು ನಾವು ತಪ್ಪಾಗಿ ಓದಿಕೊಂಡಿದ್ದೇವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. 2010ರ ಮೇ 22ರ ಬೆಳಗಿನ ಜಾವ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, 8 ಮಂದಿ ಉಳಿದರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯ ವರದಿ ಕೊಟ್ಟಿತು. ಜನರ ಬಾಯಲ್ಲಿ ಉಳಿದದ್ದು ಒಂದೇ ವಾಕ್ಯ: ಪೈಲಟ್ ನಿದ್ದೆ ಮಾಡಿದ್ದ. ಕಾಕ್‌ಪಿಟ್‌ನ ಧ್ವನಿಮುದ್ರಿಕೆಯಲ್ಲಿ ಗೊರಕೆ ಕೇಳಿಸಿತು ಎಂಬ ವಿವರ ಪತ್ರಿಕೆಗಳಿಗೆ ಸಿಕ್ಕಿದ್ದೇ ತಡ, ಇಡೀ ವರದಿ ಆ ಗೊರಕೆಯೊಳಗೆ ಮುಳುಗಿಹೋಯಿತು.

ವರದಿ ಹೇಳುವುದು ಅದಕ್ಕಿಂತ ಬಹಳ ಹೆಚ್ಚು. 2 ಗಂಟೆ 5 ನಿಮಿಷದ ಮುದ್ರಿಕೆಯಲ್ಲಿ ಮೊದಲ 1 ಗಂಟೆ 40 ನಿಮಿಷ ಇಬ್ಬರು ಪೈಲಟ್‌ಗಳ ನಡುವೆ ಮಾತೇ ಇಲ್ಲ. ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಎಚ್ಚರಗೊಂಡು ಹೆಚ್ಚು ಹೊತ್ತಾಗುವ ಮೊದಲೇ ವಿಮಾನ ಇಳಿಸುವ ಕೆಲಸ ಬಂತು. ಗಾಢ ನಿದ್ದೆಯಿಂದ ಎದ್ದವನ ಬುದ್ಧಿ ಸ್ವಲ್ಪ ಹೊತ್ತು ಮಂಪರಿನಲ್ಲೇ ಇರುತ್ತದೆ, ನಸುಕಿನ ಹೊತ್ತಿನಲ್ಲಂತೂ ಆ ಮಂಪರು ಇನ್ನೂ ದಟ್ಟ. ಮೇ 20ರಿಂದ ಮಂಗಳೂರಿನ ರೇಡಾರ್ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ಎಂದಿಗಿಂತ ಹತ್ತಿರ ಬಂದ ಮೇಲೆ. ಇಳಿಯುವ ಯೋಜನೆಯನ್ನೂ ಸರಿಯಾಗಿ ಹಾಕಿಕೊಳ್ಳಲಿಲ್ಲ. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಕೋ-ಪೈಲಟ್ ಮೂರು ಸಲ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂಬರ್ಥದಲ್ಲಿ ಎಚ್ಚರಿಸಿದರು. ಯಂತ್ರವೂ ಎಚ್ಚರಿಸಿತು. 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಗಾಲಿ ನೆಲ ಮುಟ್ಟಿತು.

ನಾನು ಬೊಟ್ಟು ಮಾಡಿ ತೋರಿಸಬೇಕೆಂದಿರುವ ಸಾಲು ಬೇರೆಯದು. ಹಾರಾಟಕ್ಕೆ ಮುಂಚೆ ಕ್ಯಾಪ್ಟನ್‌ಗೆ ಸಾಕಷ್ಟು ವಿಶ್ರಾಂತಿಯ ಅವಧಿ ದೊರೆತಿತ್ತು ಎಂದು ಅದೇ ವರದಿ ದಾಖಲಿಸುತ್ತದೆ. ಅವರು ರಜೆ ಮುಗಿಸಿ ಕೆಲಸಕ್ಕೆ ಮರಳಿದ್ದವರು. ಡ್ಯೂಟಿಯ ಮಿತಿ ಮೀರಿರಲಿಲ್ಲ, ವಿಸ್ತರಣೆಯ ಪ್ರಶ್ನೆಯೇ ಎದ್ದಿರಲಿಲ್ಲ. ಕಾಗದದ ಮೇಲೆ ಎಲ್ಲ ಸರಿಯಿತ್ತು. ಇದನ್ನು ಹಿಡಿದು, ನಿಯಮ ಪಾಲಿಸಿಯೂ ಅಪಘಾತವಾಯಿತಲ್ಲ, ಅಂದಮೇಲೆ ತಪ್ಪು ವ್ಯಕ್ತಿಯದೇ ಎಂದು ವಾದಿಸುವವರಿದ್ದಾರೆ. ನನಗೆ ಕಾಣುವುದು ತಿರುವುಮುರುವು. ರಾತ್ರಿ ಮಂಗಳೂರಿನಿಂದ ಹೊರಟು, ದುಬೈ ಮುಟ್ಟಿ, ಅಲ್ಲಿ ತಂಗದೆ ಅದೇ ವಿಮಾನವನ್ನು ತಿರುಗಿಸಿಕೊಂಡು, ದೇಹ ಆಳವಾದ ನಿದ್ದೆ ಬೇಡುವ ಹೊತ್ತಿನಲ್ಲಿ ಮತ್ತೆ ಮೇಜಿನಾಕಾರದ ರನ್‌ವೇಗೆ ಬಂದಿಳಿಯುವ ಡ್ಯೂಟಿ ಅದು. ಗಂಟೆ ಎಣಿಸುವ ನಿಯಮದ ಕಣ್ಣಿಗೆ ಮಧ್ಯಾಹ್ನದ ಗಂಟೆಯೂ ನಸುಕಿನ ಗಂಟೆಯೂ ಒಂದೇ ಆಗಿ ಕಂಡಿತ್ತು. ಹೊಸ ನಿಯಮಗಳು ರಾತ್ರಿಯನ್ನು ಒಂದು ಗಂಟೆ ಹಿಗ್ಗಿಸಿದ್ದನ್ನು ಕಂಡು ಇಷ್ಟಕ್ಕೇ ಇಷ್ಟು ಗಲಾಟೆಯೇ ಎಂದವರು ಈ ಗಂಟೆಯನ್ನು ನೆನೆಯಬೇಕು. ಬಜ್ಪೆಯಲ್ಲಿ ವಿಮಾನ ನೆಲ ಮುಟ್ಟಿದ್ದು ಬೆಳಗಿನ 6 ಗಂಟೆಯ ಸುಮಾರಿಗೆ.

ಕೋ-ಪೈಲಟ್‌ನ ಮೂರು ಎಚ್ಚರಿಕೆಗಳ ಬಗ್ಗೆ ವರದಿ ಬಹಳ ಎಚ್ಚರದಿಂದ ಮಾತಾಡುತ್ತದೆ. ಇಳಿಯುವುದನ್ನು ಕೈಬಿಡುವ ಅಧಿಕಾರ ಕೋ-ಪೈಲಟ್‌ಗೆ ಎಷ್ಟರಮಟ್ಟಿಗಿದೆ ಎಂಬ ಬಗ್ಗೆ ಸೂಚನೆಗಳಲ್ಲೇ ಗೊಂದಲವಿತ್ತು. ಬಹುಶಃ ಅದರಿಂದಾಗಿ ಅವರು ಹೇಳಿದರೇ ಹೊರತು ನಿಯಂತ್ರಣವನ್ನು ಕೈಗೆ ತೆಗೆದುಕೊಳ್ಳಲಿಲ್ಲ ಎನ್ನುತ್ತದೆ. ಕೊನೆಯ ಮಾತು ಕ್ಯಾಪ್ಟನ್‌ನದು ಎಂದು ಹೊಗಳುವಾಗ, ಆ ಮಾತಿನ ನೆರಳಿನಲ್ಲಿ ಇನ್ನೊಬ್ಬನ ಮಾತು ಎಷ್ಟು ಕುಗ್ಗುತ್ತದೆ ಎಂಬುದನ್ನು ನಾವು ಲೆಕ್ಕಕ್ಕೆ ಇಡುವುದಿಲ್ಲ. ಬಜ್ಪೆಯ ಕಾಕ್‌ಪಿಟ್‌ನಲ್ಲಿ ಎಚ್ಚರವಾಗಿದ್ದವನಿಗೆ ಪರಿಸ್ಥಿತಿ ಗೊತ್ತಿತ್ತು. ತೀರ್ಮಾನ ಮಂಪರಿನಲ್ಲಿದ್ದವರ ಕೈಯಲ್ಲಿತ್ತು.

ನನ್ನ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ವಿವೇಚನೆಯನ್ನು ಕಿತ್ತುಕೊಂಡು ಮಿತಿಯನ್ನು ಬಿಗಿ ಮಾಡಿದರೆ ಏನಾಗುತ್ತದೆಂದು ತೋರಿಸಲು ಟೆನೆರೀಫ್ ಇದೆಯಲ್ಲ ಎನ್ನಬಹುದು. 1977ರ ಮಾರ್ಚ್ 27ರಂದು ಆ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಅನುಮತಿಯಿಲ್ಲದೆ ಓಟ ಶುರು ಮಾಡಿದ್ದು ಡಚ್ ವಿಮಾನ. ಹಿರಿಯ ಕ್ಯಾಪ್ಟನ್‌ನ ಅಹಂಕಾರ ಎಂಬ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಹೊತ್ತಿಗೆ ನೆದರ್‌ಲ್ಯಾಂಡ್ಸ್‌ನಲ್ಲಿ ಡ್ಯೂಟಿಯ ಅವಧಿ ವಿಸ್ತರಿಸುವ ಸ್ವಾತಂತ್ರ್ಯ ಕ್ಯಾಪ್ಟನ್‌ಗಳ ಕೈತಪ್ಪಿತ್ತು, ಮಿತಿ ಮೀರಿದವರು ಕಾನೂನು ಕ್ರಮ ಎದುರಿಸಬೇಕಿತ್ತು. ಬಾಂಬಿನ ಕಾರಣಕ್ಕೆ ಬೇರೆ ನಿಲ್ದಾಣದಿಂದ ತಿರುಗಿ ಬಂದು ಗಂಟೆಗಟ್ಟಲೆ ಕಾದಿದ್ದ ಆ ಸಿಬ್ಬಂದಿಗೆ ಗಡಿಯಾರದ ಚಿಂತೆಯಿತ್ತು. 1999ರ ಜೂನ್ 1ರಂದು ಅಮೆರಿಕದ ಲಿಟಲ್ ರಾಕ್‌ನಲ್ಲೂ ಇದೇ ನೆರಳು. ತಡವಾದರೆ ಡ್ಯೂಟಿಯ ಮಿತಿ ಮೀರುತ್ತದೆಂದು ಹೊರಟ ಸಿಬ್ಬಂದಿ ಗುಡುಗು ಮಳೆಯ ನಡುವೆಯೇ ಇಳಿಯಲು ಹೋಗಿ 11 ಜೀವ ಹೋಯಿತು, ಕ್ಯಾಪ್ಟನ್ ಸೇರಿ. ಬಿಗಿ ಮಿತಿಯೂ ಕೊಲ್ಲುತ್ತದೆ ಎಂಬ ಮಾತಿನಲ್ಲಿ ಹುರುಳಿದೆ, ತಳ್ಳಿಹಾಕುವಂತಿಲ್ಲ.

ಆದರೆ ಈ ಎರಡು ಪ್ರಕರಣಗಳನ್ನು ಮಂಗಳೂರಿನ ಪಕ್ಕದಲ್ಲಿಟ್ಟು ಓದಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಒಂದು ಕಡೆ ಮಿತಿ ಬಿಗಿಯಿತ್ತು, ಇನ್ನೊಂದು ಕಡೆ ಮಿತಿಯ ಒಳಗೇ ಎಲ್ಲ ನಡೆಯಿತು. ಎರಡೂ ಕಡೆ ಸಮಾನವಾಗಿದ್ದದ್ದು, ವ್ಯವಸ್ಥೆಯ ಇಕ್ಕಟ್ಟೆಲ್ಲ ಕೊನೆಯ ಗಂಟೆಗೆ, ಒಂದೇ ಸೀಟಿಗೆ ಬಂದು ಸೇರಿದ್ದು. ಬದಲಿ ಸಿಬ್ಬಂದಿ ಸಿದ್ಧವಿದ್ದ ಕಡೆ ಮಿತಿ ಎಷ್ಟು ಬಿಗಿಯಾಗಿದ್ದರೂ ಯಾರೂ ಗಡಿಯಾರ ನೋಡಿ ಅವಸರ ಪಡಬೇಕಿಲ್ಲ. ಬದಲಿ ಇಲ್ಲದ ಕಡೆ ವಿವೇಚನೆ ಎಷ್ಟೇ ಧಾರಾಳವಾಗಿದ್ದರೂ ಅದು ಇನ್ನೊಂದು ಟ್ರಿಪ್‌ಗೆ ದಾರಿ ಮಾತ್ರ. ಹಾಗಾಗಿ ಬಿಗಿ ಮಿತಿಯೋ ವಿವೇಚನೆಯೋ ಎಂಬ ಚರ್ಚೆಯೇ ನನಗೆ ಅಡ್ಡದಾರಿಯಾಗಿ ಕಾಣುತ್ತದೆ. ಬದಲಿಗೆ ಎಷ್ಟು ಜನರನ್ನು ಇಟ್ಟುಕೊಳ್ಳಬೇಕು ಎಂದು ಆರು ತಿಂಗಳ ಹಿಂದೆ ತೀರ್ಮಾನಿಸಿದವರು ಯಾರು, ಈಗ ವಿಸ್ತರಣೆ ಬೇಡುವವರು ಯಾರು, ಅವರ ಹೆಸರು ಎಲ್ಲಿ ದಾಖಲಾಗುತ್ತದೆ ಎಂಬುದು ಚರ್ಚೆಯಾಗಬೇಕು.

ಇದು ಆಕಾಶದ ಮಾತಷ್ಟೇ ಆಗಿದ್ದರೆ ಚಿತ್ರದುರ್ಗದಲ್ಲಿ ಕೂತು ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಶಿರಾ ದಾಟಿ ಹಿರಿಯೂರು, ಅಲ್ಲಿಂದ ದುರ್ಗ, ಮುಂದೆ ದಾವಣಗೆರೆ ಎಂದು ಸಾಗುವ ರಾಷ್ಟ್ರೀಯ ಹೆದ್ದಾರಿ 48, ಹಿಂದಿನ ಎನ್‌ಎಚ್ 4, ರಾತ್ರಿಯಿಡೀ ಮಲಗುವುದಿಲ್ಲ. ಸ್ಲೀಪರ್ ಬಸ್ಸು, ಕಂಟೇನರ್, ಈರುಳ್ಳಿ ಲೋಡು, ಕೊಬ್ಬರಿ ಲೋಡು, ಅಡಿಕೆ ಲೋಡು. ಇಲ್ಲಿಯ ಯಾವುದೇ ನಸುಕಿನ ಅಪಘಾತದ ಸುದ್ದಿಯ ಕೊನೆಯಲ್ಲಿ ಒಂದು ಸಾಲು ಸಿದ್ಧವಾಗಿರುತ್ತದೆ: ಚಾಲಕ ನಿದ್ರೆಗೆ ಜಾರಿದ್ದೇ ಕಾರಣ ಎನ್ನಲಾಗಿದೆ. ಬಜ್ಪೆಯ ಗೊರಕೆಯ ಹಾಗೆಯೇ ಈ ಸಾಲೂ ವಿಚಾರಣೆಯನ್ನು ಅಲ್ಲಿಗೆ ನಿಲ್ಲಿಸುತ್ತದೆ. ಚಾಲಕ ಎಷ್ಟು ಹೊತ್ತಿನಿಂದ ಸ್ಟೇರಿಂಗ್ ಹಿಡಿದಿದ್ದ, ಹಿಂದಿನ ದಿನ ಎಲ್ಲಿ ಮಲಗಿದ್ದ, ಸೆಕೆಂಡ್ ಡ್ರೈವರ್ ಇದ್ದನೇ, ಹೊರಡು ಎಂದವರು ಯಾರು ಎಂದು ಕೇಳಿದ ಸುದ್ದಿ ನಾನು ಓದಿದ್ದು ಬಹಳ ಕಡಿಮೆ.

ಹಿರಿಯೂರು ಬೈಪಾಸಿನ ಡಾಬಾ ಒಂದರಲ್ಲಿ ಹೊಸದುರ್ಗದ ಕಡೆಯ ಲಾರಿ ಚಾಲಕರೊಬ್ಬರ ಜತೆ ಮಾತಿಗೆ ಕೂತಿದ್ದೆ. ಯಶವಂತಪುರದ ಮಂಡಿಗೆ ಈರುಳ್ಳಿ ಇಳಿಸಿ, ಬರುವಾಗ ಸಿಮೆಂಟ್ ತುಂಬಿಕೊಂಡು ವಾಪಸಾಗುತ್ತಿದ್ದರು. ಮುಖಕ್ಕೆ ನೀರು ಹಾಕಿಕೊಂಡು, ಒದ್ದೆ ಟವಲ್ಲನ್ನು ಕುತ್ತಿಗೆಗೆ ಸುತ್ತಿ, ಎರಡನೆಯ ಟೀ ಹೇಳಿದರು. ಕಣ್ಣಿನ ಅಂಚು ಕೆಂಪಗಿತ್ತು. ‘ಒಂದು ಗಂಟೆ ಇಲ್ಲೇ ಮಲಗಬಾರದಾ ಅಣ್ಣ?’ ಎಂದೆ. ‘ಮಲಗಬಹುದು ಸಾರ್. ಏಳಕ್ಕೆ ದುರ್ಗದಾಗೆ ಇರಬೇಕು ಅಂದವ್ರೆ. ಅಲ್ಲಿಂದ ಇನ್ನೊಂದು ಲೋಡು ರೆಡಿ ಐತೆ. ನಾನು ಹೋಗಾದಿಲ್ಲ ಅಂದ್ರೆ ಗಾಡಿ ಇನ್ನೊಬ್ಬನ ಕೈಗೆ ಹೋಗತ್ತೆ.’ ಸ್ವಲ್ಪ ತಡೆದು ಅವರೇ ಸೇರಿಸಿದರು: ‘ಭತ್ಯೆ ಬರತ್ತೆ ಸಾರ್, ಅದೂ ಐತೆ. ಬಲವಂತ ಏನಿಲ್ಲ.’ ಆ ಕೊನೆಯ ಮಾತನ್ನು ಅವರು ಪ್ರಾಮಾಣಿಕವಾಗಿಯೇ ಹೇಳಿದರು. ಮನೆಯ ಕಂತು, ಮಕ್ಕಳ ಫೀಸು, ಟ್ರಿಪ್ಪಿಗಿಷ್ಟು ಎಂಬ ಲೆಕ್ಕ ಇವೆಲ್ಲ ಸೇರಿ ಮಾಡುವ ಬಲವಂತಕ್ಕೆ ಅವರ ಬಳಿ ಆ ಹೆಸರಿರಲಿಲ್ಲ. ಹಾರಾಟದ ಗಂಟೆ ಹೆಚ್ಚಿದಷ್ಟೂ ಭತ್ಯೆ ಹೆಚ್ಚುವ ಪೈಲಟ್‌ಗೂ ಈ ಲೆಕ್ಕ ಅಪರಿಚಿತವಲ್ಲ.

ಪೈಲಟ್‌ಗೂ ಲಾರಿ ಚಾಲಕನಿಗೂ ಎಲ್ಲಿಯ ಹೋಲಿಕೆ ಎಂದು ಕೇಳುವವರಿಗೆ ಕಾನೂನನ್ನೇ ತೋರಿಸುತ್ತೇನೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕನ ಕೆಲಸವನ್ನು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗೆ ಮಿತಿಗೊಳಿಸಿತ್ತು. ದೂರದ ರೂಟುಗಳಿಗೆ ಮತ್ತು ಹಬ್ಬದ ದಿನಗಳಿಗೆ ಅನುಮತಿ ಪಡೆದು 10 ಮತ್ತು 54 ಗಂಟೆ. 5 ಗಂಟೆ ಸತತ ಕೆಲಸದ ನಂತರ ಕನಿಷ್ಠ ಅರ್ಧ ಗಂಟೆ ಬಿಡುವು, ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 9 ಗಂಟೆ ವಿಶ್ರಾಂತಿ. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಇದನ್ನೇ ಎತ್ತಿ ಹಿಡಿಯುತ್ತದೆ. ಒಳ್ಳೆಯ ಕಾಯ್ದೆ, ಅರವತ್ತು ವರ್ಷಗಳ ಹಿಂದೆಯೇ ಇಷ್ಟು ಯೋಚಿಸಿದ್ದರು. ಆದರೆ ಗಾಡಿ ಕೆಟ್ಟರೆ, ಸಂಚಾರ ನಿಂತರೆ, ಪ್ರಕೃತಿ ಮುನಿದರೆ ಮಿತಿ ಮೀರಿ ದುಡಿಸಿಕೊಳ್ಳುವ ಅವಕಾಶವನ್ನು ಅದು ಮಾಲೀಕನಿಗೆ ಕೊಟ್ಟಿತ್ತು. ವಿಮಾನದಲ್ಲಿ ಅಂಥದೇ ಅನಿರೀಕ್ಷಿತ ಸಂದರ್ಭದಲ್ಲಿ ನಿರ್ಧರಿಸುವವನು ಕ್ಯಾಪ್ಟನ್. ರಸ್ತೆಯಲ್ಲಿ ನಿರ್ಧರಿಸುವವನು ಗಾಡಿಯಲ್ಲೇ ಇರುವುದಿಲ್ಲ. 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಜಾರಿಗೆ ಬಂದು ಹಳೆಯ ಕಾಯ್ದೆ ಅದರೊಳಗೆ ಸೇರಿಹೋಗಿದೆ. ಡಿಸೆಂಬರಿನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಬಗ್ಗೆ ದೇಶವೇ ಚರ್ಚಿಸಿತು. ಅದಕ್ಕೆ ಎರಡೇ ವಾರ ಮೊದಲು ನಡೆದ ಈ ಬದಲಾವಣೆ ಲಾರಿ, ಬಸ್ ಚಾಲಕರ ನಿದ್ದೆಗೆ ಏನು ಮಾಡೀತು ಎಂಬ ಮಾತು ನಮ್ಮ ಜಿಲ್ಲೆಯ ಸಭೆಗಳಲ್ಲೂ ನನ್ನ ಕಿವಿಗೆ ಬೀಳಲಿಲ್ಲ.

ಪೈಲಟ್ ಮತ್ತು ಚಾಲಕರ ನಡುವಿನ ಅಂತರ ನಿಜವಾದದ್ದೇ. ಪೈಲಟ್‌ಗೆ ಒಳ್ಳೆಯ ಸಂಬಳವಿದೆ, ಸಂಘವಿದೆ, ಕೋರ್ಟಿಗೆ ಹೋಗುವ ತಾಕತ್ತಿದೆ, ತನ್ನ ದಣಿವನ್ನು ವರದಿ ಮಾಡುವ ವ್ಯವಸ್ಥೆಯಿದೆ. ಇಷ್ಟೆಲ್ಲ ಇದ್ದೂ ರಾತ್ರಿ ಹನ್ನೊಂದೂವರೆಗೆ ಫೋನ್ ಬಂದಾಗ ಒಲ್ಲೆ ಎನ್ನುವುದು ಕಷ್ಟವಾದರೆ, ಡಾಬಾದ ಬೆಂಚಿನ ಮೇಲೆ ಟೀ ಕುಡಿಯುತ್ತಿರುವವನ ಒಪ್ಪಿಗೆಗೆ ಎಷ್ಟು ತೂಕ ಕೊಡೋಣ?

ಹಾಗೆಂದು ಕ್ಯಾಪ್ಟನ್‌ನ ವಿವೇಚನೆಯನ್ನು ತೆಗೆದುಹಾಕಿ ಎಂದು ನಾನು ಹೇಳುತ್ತಿಲ್ಲ. ಹಾರಾಟದ ನಡುವೆ ಹವಾಮಾನ ಕೆಟ್ಟು ಬೇರೆ ನಿಲ್ದಾಣಕ್ಕೆ ತಿರುಗಬೇಕಾದರೆ ಅಲ್ಲಿ ಗಡಿಯಾರ ಮಾತಾಡಬಾರದು. ಒಲ್ಲೆ ಎನ್ನುವ ಹಕ್ಕಂತೂ ಪೂರ್ತಿ ಉಳಿಯಬೇಕು, ಅದಕ್ಕೆ ಕಾರಣ ಕೇಳುವ ಪರಿಪಾಠ ನಿಲ್ಲಬೇಕು. ನನ್ನ ತಕರಾರು ಒಪ್ಪಿಗೆಯ ಬಗ್ಗೆ ಮಾತ್ರ. ಒಲ್ಲೆ ಎಂದು ಹೇಳಲು ಒಬ್ಬನ ಮಾತು ಸಾಕು. ಹೂಂ ಎಂದು ಹೊರಡಲು ಸಾಲದು. ಅದರಲ್ಲೂ ನೆಲದ ಮೇಲಿರುವಾಗಲೇ, ಮಧ್ಯರಾತ್ರಿಯಿಂದ ಬೆಳಗಿನ ಆರರ ನಡುವೆ ಬೀಳುವ ವಿಸ್ತರಣೆಯನ್ನು ಪೈಲಟ್‌ನ ಎದುರು ಇಡುವುದೇ ತಪ್ಪು. ಪ್ರಯಾಣಿಕರ ಪರವಾದ ಪ್ರತಿವಾದವೂ ನನಗೆ ಗೊತ್ತು: ಆಸ್ಪತ್ರೆಗೆ ಹೊರಟವರು, ಪರೀಕ್ಷೆಗೆ ಹೊರಟವರು, ಊರಿನ ಸಾವಿಗೆ ಬರಬೇಕಾದವರು ಆ ವಿಮಾನದಲ್ಲಿರುತ್ತಾರೆ. ಇರುತ್ತಾರೆ. ಅವರಿಗೆ ಬದಲಿ ಸಿಬ್ಬಂದಿ ಬೇಕೇ ಹೊರತು ಹದಿಮೂರನೆಯ ಗಂಟೆಯ ಪೈಲಟ್‌ನ ದೊಡ್ಡ ಮನಸ್ಸಲ್ಲ.

ಇದು ಕಾರ್ಯಸಾಧ್ಯವಲ್ಲದ ಆದರ್ಶ ಎನ್ನುವವರು ಅಮೆರಿಕದ ನಿಯಮವನ್ನು ಓದಲಿ. 2009ರ ಫೆಬ್ರುವರಿ 12ರಂದು ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಮಂದಿ ಸತ್ತ ಮೇಲೆ ಅಲ್ಲಿ ಪೈಲಟ್‌ಗಳ ದಣಿವಿನ ಬಗ್ಗೆ ದೊಡ್ಡ ಚರ್ಚೆಯಾಗಿ, 2014ರ ಜನವರಿಯಿಂದ ಹೊಸ ನಿಯಮಗಳು ಬಂದವು. ಅನಿರೀಕ್ಷಿತ ಸಂದರ್ಭದಲ್ಲಿ ಹೊರಡುವ ಮುಂಚೆ ಅವಧಿಯನ್ನು 2 ಗಂಟೆಯವರೆಗೆ ವಿಸ್ತರಿಸಬಹುದು, ಆದರೆ ಕ್ಯಾಪ್ಟನ್ ಮತ್ತು ಸಂಸ್ಥೆ ಇಬ್ಬರೂ ಒಪ್ಪಿರಬೇಕು. ಅರ್ಧ ಗಂಟೆಗಿಂತ ಹೆಚ್ಚು ವಿಸ್ತರಿಸಿದರೆ ಸಂಸ್ಥೆ 10 ದಿನದೊಳಗೆ ನಿಯಂತ್ರಕರಿಗೆ ಬರೆದು ಕೊಡಬೇಕು. ಕಾರಣ ಸಂಸ್ಥೆಯ ಹಿಡಿತದಲ್ಲೇ ಇದ್ದದ್ದಾಗಿದ್ದರೆ ಅದನ್ನು ಸರಿಪಡಿಸಲು ಏನು ಮಾಡುತ್ತೇವೆಂದೂ ಬರೆಯಬೇಕು. ಕೊನೆಯ ಅಂಶವೇ ನನಗೆ ಮುಖ್ಯ. ಲೆಕ್ಕ ಕೊಡುವ ಹೊಣೆ ಹೂಂ ಎಂದವನಿಂದ ಕೇಳಿದವನ ಕಡೆಗೆ ಸರಿಯುವುದು ಅಲ್ಲಿ.

ನಮ್ಮ ಡಿಜಿಸಿಎ ಇದರಾಚೆಗೂ ಹೋಗಬಹುದು. ಪ್ರತಿ ವಿಸ್ತರಣೆಯ ವರದಿಯಲ್ಲಿ ಕೇಳಿದ ಅಧಿಕಾರಿಯ ಹೆಸರು, ಕೇಳಿದ ಹೊತ್ತು, ಆಗ ಆ ನಿಲ್ದಾಣದಲ್ಲಿ ಸಿದ್ಧವಿದ್ದ ಬದಲಿ ಪೈಲಟ್‌ಗಳ ಸಂಖ್ಯೆ, ಕೋ-ಪೈಲಟ್‌ನ ಉತ್ತರವನ್ನು ಕ್ಯಾಪ್ಟನ್‌ನ ಎದುರಲ್ಲದೆ ಬೇರೆಯಾಗಿ ಪಡೆದ ದಾಖಲೆ, ಇಷ್ಟು ಇರಲಿ. ಮೂರು ತಿಂಗಳಿಗೊಮ್ಮೆ ಯಾವ ಸಂಸ್ಥೆ ಎಷ್ಟು ವಿಸ್ತರಣೆ ಕೇಳಿತು, ಎಷ್ಟು ನಿರಾಕರಣೆ ಬಂತು ಎಂಬುದನ್ನು ಪ್ರಕಟಿಸಲಿ. ನಿರಾಕರಣೆಯೇ ಬಾರದ ಸಂಸ್ಥೆಯನ್ನು ಮೊದಲು ತಪಾಸಣೆ ಮಾಡಲಿ, ಅಲ್ಲಿ ಪೈಲಟ್‌ಗಳಿಗೆ ದಣಿವಾಗುವುದಿಲ್ಲವೆಂದು ನಂಬಲು ಕಾರಣವಿಲ್ಲ. ರಸ್ತೆಗೂ ಇಷ್ಟೇ ಸಾಕು. ಹೊಸ ಸಂಹಿತೆಯಡಿ ರಾಜ್ಯ ಮಾಡುವ ನಿಯಮಗಳಲ್ಲಿ ಲಾರಿಯ, ಖಾಸಗಿ ಬಸ್ಸಿನ ಟ್ರಿಪ್ ಶೀಟಿಗೆ ಎರಡು ಕಲಂ ಸೇರಿಸಲಿ: ಹಿಂದಿನ ಕೆಲಸ ಮುಗಿದ ಹೊತ್ತು, ಈ ಟ್ರಿಪ್ಪಿಗೆ ಹೊರಡಲು ಹೇಳಿದವರ ಹೆಸರು ಮತ್ತು ಸಹಿ. ಹಿರಿಯೂರಿನಲ್ಲೋ ಹೊಳಲ್ಕೆರೆಯಲ್ಲೋ ಬೆಳಗಿನ ಜಾವ ಅಪಘಾತವಾದಾಗ ಠಾಣೆಯ ಎಫ್‌ಐಆರ್‌ಗೆ ಚಾಲಕನ ಹೆಸರಿನ ಜತೆ ಆ ಎರಡನೆಯ ಹೆಸರೂ ಹೋಗಲಿ.